ರಾಗಿ ಹುಲ್ಲಾ, ಮೆಕ್ಕೆಜೋಳದ ನುಚ್ಚಾ?

ಯಲಹಂಕದ ಕಡೆ ಎರಡು ಹಸು ಕಟ್ಟಿಕೊಂಡು ಯಾವುದನ್ನು ಜಾಸ್ತಿ ಹಾಕಲಿ ಅಂತ ಯೋಚಿಸುತ್ತಿದ್ದೀರಾ? ತಿನ್ನುವುದು ಹಸುವಾದರೂ ಅರಗಿಸುವುದು ಅದರ ಮೊದಲ ಹೊಟ್ಟೆಯ ಸೂಕ್ಷ್ಮಜೀವಿಗಳು, ಅಲ್ವಾ. ರಾಗಿ ಹುಲ್ಲು ಕೊಟ್ಟರೆ ನಾರು ಒಡೆಯುವ ಬ್ಯಾಕ್ಟೀರಿಯಾ ಹೆಚ್ಚುತ್ತವೆ, ಕೆಲಸ ನಿಧಾನ, ಆದರೆ ಹಸು ಚೆನ್ನಾಗಿ ಮೆಲುಕು ಹಾಕುತ್ತದೆ, ಜೊಲ್ಲು ಹೆಚ್ಚಾಗಿ ಹೊಟ್ಟೆಯ ಹುಳಿ ತಗ್ಗುತ್ತದೆ, ಹಾಲಿನ ಫ್ಯಾಟ್ ಕೂಡ ಚೆನ್ನಾಗಿ ಬರುತ್ತದೆ. ನುಚ್ಚು ಹಾಗಲ್ಲ. ಪಿಷ್ಟ ತಿನ್ನುವ ಜೀವಿಗಳು ಬೇಗ ಬೆಳೆಯುತ್ತವೆ, ಹಾಲೂ ಏರುತ್ತದೆ. ಅತಿಯಾದರೆ ಹೊಟ್ಟೆಯ ಹುಳಿ ಹೆಚ್ಚಿ, ಪಿಎಚ್ (ಹುಳಿ ಹೆಚ್ಚಿದಷ್ಟೂ ಇಳಿಯುವ ಅಳತೆ) 5.5ಕ್ಕಿಂತ ಕೆಳಗಿಳಿದು ನಾರಿನ ಬ್ಯಾಕ್ಟೀರಿಯಾ ಸೊರಗುತ್ತವೆ, ಫ್ಯಾಟ್ ಬೀಳುತ್ತದೆ. ಮದುವೆ ಮನೆಯಲ್ಲಿ ಉಳಿದ ಅನ್ನವನ್ನು ಸುಮ್ನೆ ಬಕೆಟ್‌ಗಟ್ಟಲೆ ಸುರಿದರೂ ಇದೇ ಕಥೆ. ನಾನಂತೂ ಹೊಟ್ಟೆ ತುಂಬ ಹುಲ್ಲೇ ಹಾಕಿ, ನುಚ್ಚನ್ನು ಎರಡು ಮೂರು ವಾರದಲ್ಲಿ ಸ್ವಲ್ಪ ಸ್ವಲ್ಪವೇ ಏರಿಸುತ್ತೇನೆ.