ಅವೇ (away) ಮ್ಯಾಚ್‌ಗೆ ಹೊರಟಿದ್ದೀರಾ? ಟಿಕೆಟ್ ಯಾರಿಂದ ಕೊಂಡಿರಿ ಅಂತ ಒಮ್ಮೆ ನೋಡಿಕೊಳ್ಳಿ

ಇಂಗ್ಲೆಂಡಿಗೆ ಓದಲು, ಕೆಲಸಕ್ಕೆ ಬಂದಿರುವ ನಮ್ಮವರಲ್ಲಿ ಫುಟ್‌ಬಾಲ್ ಹುಚ್ಚು ಇರುವವರು ತುಂಬಾ ಜನ. ತಮ್ಮ ತಂಡದ ಹಿಂದೆ ಬೇರೆ ಊರಿಗೆ ಹೋಗಬೇಕು, ಅಲ್ಲಿ ಅವೇ ಎಂಡ್‌ನಲ್ಲಿ, ಅಂದರೆ ಹೊರಗಿನಿಂದ ಬಂದ ತಂಡದ ಬೆಂಬಲಿಗರಿಗೆ ಬಿಟ್ಟ ಜಾಗದಲ್ಲಿ, ನಮ್ಮವರ ನಡುವೆ ನಿಂತು ಗಂಟಲು ಹರಿಯುವಷ್ಟು ಹಾಡಬೇಕು ಅನ್ನುವ ಆಸೆ ಅವರಿಗೆ. ಆ ಆಸೆಯನ್ನೇ ಹಿಡಿದು ದುಡ್ಡು ಕೀಳುವವರೂ ಇದ್ದಾರೆ. ಅಂಥವರ ಕೈಗೆ ನನ್ನ ಅಕ್ಕನ ಮಗ ಸಿಕ್ಕಿದ. ಅವನ ಜೊತೆ ನಾನೂ ಹೋಗಿದ್ದೆ. ಇನ್ನೊಬ್ಬರಿಗೆ ಹೀಗಾಗಬಾರದು ಅಂತ ಇದನ್ನು ಬರೆಯುತ್ತಿದ್ದೇನೆ.

ಮುಖ್ಯ ಮಾತು ಮೊದಲೇ ಹೇಳಿಬಿಡುತ್ತೇನೆ. ಅವೇ ಟಿಕೆಟನ್ನು ನಿಮ್ಮ ತಂಡದ ಕ್ಲಬ್ ಬಿಟ್ಟು ಬೇರೆ ಯಾರಿಂದಲೂ ಕೊಳ್ಳಬೇಡಿ. ಆ ಟಿಕೆಟ್ ನಿಮ್ಮ ಹೆಸರಿಗೆ ಬರುವ ತನಕ ರೈಲಿಗಾಗಲಿ ಹೋಟೆಲಿಗಾಗಲಿ ವಾಪಸ್ ಸಿಗದ ದುಡ್ಡು ಕಟ್ಟಬೇಡಿ.

ನಮ್ಮ ಹುಡುಗ ಇಲ್ಲಿಗೆ ಮಾಸ್ಟರ್ಸ್ ಓದಲು ಬಂದವನು. ಶಾಲೆಯಲ್ಲಿದ್ದಾಗಿನಿಂದ ಒಂದೇ ತಂಡ ಅವನಿಗೆ. ರಾತ್ರಿ ನಿದ್ದೆಗೆಟ್ಟು ಟಿವಿ ಮುಂದೆ ಕೂತು ಬೆಳೆದವನು. ಬಂದ ತಕ್ಷಣ ಕ್ಲಬ್‌ನ ಮೆಂಬರ್‌ಶಿಪ್ ತೆಗೆದುಕೊಂಡ. ಆದರೆ ದೊಡ್ಡ ಕ್ಲಬ್‌ಗಳಲ್ಲಿ ಅವೇ ಟಿಕೆಟ್ ಅಷ್ಟು ಸುಲಭಕ್ಕೆ ಸಿಗುವುದಿಲ್ಲ. ಹಿಂದೆ ಎಷ್ಟು ಪಂದ್ಯಗಳಿಗೆ ಹೋಗಿದ್ದೀರಿ ಅನ್ನುವುದರ ಮೇಲೆ ಪಾಯಿಂಟ್ ಕೊಡುತ್ತಾರೆ. ಜಾಸ್ತಿ ಪಾಯಿಂಟ್ ಇರುವವರಿಗೆ ಮೊದಲ ಅವಕಾಶ. ಹೊಸಬರ ಸರದಿ ಬರುವಷ್ಟರಲ್ಲಿ ಟಿಕೆಟ್ ಮುಗಿದಿರುತ್ತದೆ. ಇಲ್ಲಿನ ಅತಿ ದೊಡ್ಡ ಲೀಗ್ ಆದ ಪ್ರೀಮಿಯರ್ ಲೀಗ್‌ನಲ್ಲಿ ಹೊರಗಿನ ತಂಡದ ಬೆಂಬಲಿಗರಿಗೆ ಸಿಗುವುದೇ 3,000 ಟಿಕೆಟ್. ಸ್ಟೇಡಿಯಂ ಚಿಕ್ಕದಾಗಿದ್ದರೆ ಅದರ ಒಟ್ಟು ಸೀಟುಗಳಲ್ಲಿ ಶೇ. 10ರಷ್ಟು ಮಾತ್ರ. ಜಗತ್ತಿನಾದ್ಯಂತ ಅಭಿಮಾನಿಗಳಿರುವ ತಂಡಕ್ಕೆ ಇದು ಯಾವ ಮೂಲೆಗೆ ಸಾಕು?

ಇಂಥ ಹೊತ್ತಲ್ಲಿ ಒಂದು ವೆಬ್‌ಸೈಟ್ ಅವನ ಕಣ್ಣಿಗೆ ಬಿತ್ತು. ಹೆಸರು ಬರೆಯುವುದಿಲ್ಲ. ಅದು ಮುಚ್ಚಿದರೆ ಇನ್ನೊಂದು ಹೆಸರಿನಲ್ಲಿ ಬರುತ್ತದೆ, ಅಷ್ಟೇ. ‘ಅವೇ ವಿಭಾಗ, ಅಕ್ಕಪಕ್ಕದ ಎರಡು ಸೀಟು, ಗ್ಯಾರಂಟಿ’ ಅಂತ ದೊಡ್ಡದಾಗಿ ಹಾಕಿದ್ದರು. ಪಂದ್ಯದ ದಿನಾಂಕದ ಪಕ್ಕದಲ್ಲೇ ‘ಖಚಿತವಾಗಿದೆ’ ಅಂತ ಬೇರೆ. ಚಾಟ್‌ನಲ್ಲಿ ಮಾತಾಡಿದವನು ಎಲ್ಲ ಪ್ರಶ್ನೆಗೂ ನಯವಾಗಿ ಉತ್ತರ ಕೊಟ್ಟ. ಕೊನೆಗೆ ಕಾರ್ಡ್ ತೆಗೆದುಕೊಳ್ಳುವ ಸೌಲಭ್ಯ ಇವತ್ತು ಕೆಲಸ ಮಾಡ್ತಿಲ್ಲ, ಈ ಖಾತೆಗೆ ಹಾಕಿ ಅಂದ. ಹುಡುಗ ನನಗೆ ಫೋನ್ ಮಾಡಿದಾಗ ದುಡ್ಡು ಆಗಲೇ ಹೋಗಿತ್ತು.

“ಮಾಮ, ಟಿಕೆಟ್ ಸಿಕ್ತು! ನಮ್ಮವರ ಮಧ್ಯದಲ್ಲೇ ಸೀಟು ಅಂತೆ. ನೀವೂ ಬರಲೇಬೇಕು.”

ಆ ದನಿಯಲ್ಲಿದ್ದ ಖುಷಿ ಎಂಥದ್ದು ಅಂತ ನನಗೆ ಗೊತ್ತು. ಅದಕ್ಕೇ ಇವತ್ತಿಗೂ ಸಿಟ್ಟು ಇಳಿದಿಲ್ಲ.

ಬೆಲೆ ನೋಡಿದರೇ ಇದರ ಬಣ್ಣ ಬಯಲಾಗುತ್ತದೆ. 2016-17ರ ಸೀಸನ್‌ನಿಂದ ಪ್ರೀಮಿಯರ್ ಲೀಗ್‌ನಲ್ಲಿ ಅವೇ ಟಿಕೆಟ್‌ಗೆ 30 ಪೌಂಡ್‌ಗಿಂತ ಹೆಚ್ಚು ತೆಗೆದುಕೊಳ್ಳುವಂತಿಲ್ಲ. ಅವರು ಕೇಳಿದ್ದು ಅದರ ಎಷ್ಟೋ ಪಟ್ಟು. ಯಾರಾದರೂ ಅವೇ ಟಿಕೆಟ್ ಅಂತ 150, 200 ಪೌಂಡ್ ಹೇಳಿದರೆ ಮಾತು ಅಲ್ಲಿಗೇ ನಿಲ್ಲಿಸಿ.

ದಿನಾಂಕದ ಸುಳ್ಳು ಇನ್ನೂ ಕೆಟ್ಟದ್ದು. ಸೀಸನ್ ಶುರುವಾಗುವ ಮುಂಚೆ ಪಂದ್ಯಗಳ ಪಟ್ಟಿ ಬಂದಾಗ ಹೆಚ್ಚಿನವು ಶನಿವಾರ ಮಧ್ಯಾಹ್ನ 3 ಗಂಟೆಗೆ ಅಂತಿರುತ್ತವೆ. ಆ ಹೊತ್ತಿನ ಪಂದ್ಯವನ್ನು ಬ್ರಿಟನ್ನಿನ ಟಿವಿಯಲ್ಲಿ ನೇರ ಪ್ರಸಾರ ಮಾಡುವುದಿಲ್ಲ. ಶನಿವಾರ 2.45ರಿಂದ 5.15ರ ತನಕ ಪ್ರಸಾರಕ್ಕೆ ತಡೆ ಇದೆ. ಹಾಗಾಗಿ ಟಿವಿಯವರು ಯಾವ ಪಂದ್ಯ ಆರಿಸಿಕೊಳ್ಳುತ್ತಾರೋ ಅದು ಶನಿವಾರದ್ದೇ ಬೇರೆ ಹೊತ್ತಿಗೋ, ಶುಕ್ರವಾರ ರಾತ್ರಿಗೋ, ಭಾನುವಾರಕ್ಕೋ, ಸೋಮವಾರ ರಾತ್ರಿಗೋ ಹೋಗುತ್ತದೆ. ದೊಡ್ಡ ತಂಡಗಳ ಪಂದ್ಯಗಳೇ ಜಾಸ್ತಿ ಹೀಗೆ ಬದಲಾಗುವುದು. ಟಿವಿ ಆಯ್ಕೆ ಹೊರಬೀಳುವ ಮುಂಚೆ ‘ದಿನಾಂಕ ಖಚಿತ’ ಅಂತ ಯಾರೂ ಹೇಳಲು ಆಗುವುದಿಲ್ಲ. ಅವರು ಹೇಳಿದರು. ಹುಡುಗ ಅದನ್ನು ನಂಬಿ ಶನಿವಾರಕ್ಕೆ ಅಗ್ಗದ ಅಡ್ವಾನ್ಸ್ ರೈಲು ಟಿಕೆಟ್ ತೆಗೆದ.

ಪಂದ್ಯ ಭಾನುವಾರ 4.30ಕ್ಕೆ ಹೋಯಿತು. ಅಡ್ವಾನ್ಸ್ ಟಿಕೆಟ್ ಅಂದರೆ ಅದೇ ದಿನ, ಅದೇ ರೈಲು. ನೀವಾಗಿ ಬೇಡ ಅಂದರೆ ದುಡ್ಡು ವಾಪಸ್ ಇಲ್ಲ. ಬದಲಾಯಿಸಬಹುದು, ಆದರೆ ಶುಲ್ಕ ಮತ್ತು ದರದ ವ್ಯತ್ಯಾಸ ಎರಡೂ ಕಟ್ಟಬೇಕು. ಕಟ್ಟಿದೆವು. ಭಾನುವಾರ ಹಳಿ ದುರಸ್ತಿ ಬೇರೆ ನಡೆಯುತ್ತಿತ್ತು. ಅರ್ಧ ದಾರಿ ಬಸ್ಸಿನಲ್ಲಿ ಹೋದೆವು.

ಟಿಕೆಟ್ ಬಂದದ್ದು ಪಂದ್ಯದ ದಿನ ಬೆಳಿಗ್ಗೆ, ಒಂದು ಲಿಂಕ್ ಆಗಿ. ಫೋನಿನ ವಾಲೆಟ್‌ಗೆ ಹಾಕಿಕೊಳ್ಳುವ ಪಾಸ್. ಅದರ ಮೇಲೆ ಯಾರದೋ ಹೆಸರು, ಯಾರದೋ ಸೀಸನ್ ಟಿಕೆಟ್ (ಇಡೀ ಸೀಸನ್‌ಗೆ ಒಂದೇ ಸೀಟು ಕೊಡುವ ಟಿಕೆಟ್) ನಂಬರ್. ಗೇಟ್ ನಂಬರ್ ನೋಡಿದರೆ ಅದು ಅವೇ ಗೇಟ್ ಅಲ್ಲ. ಆತಿಥೇಯ ತಂಡದ ಅಭಿಮಾನಿಗಳು ಕೂರುವ ಕಡೆಯದು. ಚಾಟ್‌ನಲ್ಲಿ ಕೇಳಿದೆವು. “ಏನೂ ಆಗಲ್ಲ, ಸುಮ್ನೆ ಒಳಗೆ ಹೋಗಿ, ಬಣ್ಣ ಕಾಣದ ಹಾಗೆ ಜಾಕೆಟ್ ಹಾಕ್ಕೊಳ್ಳಿ” ಅನ್ನುವ ಅರ್ಥದ ಉತ್ತರ ಬಂತು. ಆಮೇಲೆ ಮೌನ. ಎಷ್ಟು ಬರೆದರೂ ಉತ್ತರವಿಲ್ಲ.

ಗೇಟ್‌ನಲ್ಲಿ ಹಸಿರು ದೀಪ ಬಂತು. ಒಳಗೆ ಹೋದೆವು. ಸುತ್ತ ಎಲ್ಲರೂ ವರ್ಷಗಟ್ಟಲೆ ಅದೇ ಸೀಟಿನಲ್ಲಿ ಕೂರುವವರು. ಅಕ್ಕಪಕ್ಕದವರ ಪರಿಚಯ ಇರುವವರು. ನಮ್ಮನ್ನು ನೋಡಿದ ಕೂಡಲೇ ಅವರಿಗೆ ಅನುಮಾನ ಬಂದಿತ್ತು ಅನ್ನಿಸುತ್ತದೆ. ಮೈದಾನದ ಆ ಮೂಲೆಯಲ್ಲಿ ನಮ್ಮ ತಂಡದವರು ಹಾಡುತ್ತಿದ್ದರು. ಇವನು ಈ ಕಡೆ ಬಾಯಿ ಬಿಗಿದುಕೊಂಡು ಕೂತಿದ್ದ. ನಮ್ಮವರು ಗೋಲು ಹೊಡೆದಾಗ ಕೂಗಲೂ ಇಲ್ಲ, ಕೈ ಎತ್ತಲೂ ಇಲ್ಲ. ಸೀಟಿನಿಂದ ಒಂದು ಚೂರು ಎದ್ದ, ಅಷ್ಟೇ. ಹಿಂದಿನ ಸಾಲಿನಿಂದ ಬೈಗುಳ ಶುರುವಾಯಿತು. ಒಬ್ಬ ಎದ್ದು ಬಂದು ಇವನ ಜಾಕೆಟ್‌ಗೆ ಕೈ ಹಾಕಿದ. ಅಷ್ಟರಲ್ಲಿ ಸ್ಟೀವರ್ಡ್‌ಗಳು (ಸ್ಟೇಡಿಯಂನ ಸುರಕ್ಷತಾ ಸಿಬ್ಬಂದಿ) ಬಂದರು, ಸದ್ಯ.

ಅವರು ಒರಟಾಗಿ ನಡೆದುಕೊಳ್ಳಲಿಲ್ಲ, ಇದನ್ನು ಹೇಳಲೇಬೇಕು. ಪಾಸ್ ತೋರಿಸಿ ಅಂದರು. ಹೆಸರು ಓದಿದರು. ಇದು ನಿಮ್ಮ ಹೆಸರಾ ಅಂತ ಕೇಳಿದರು. ಆಮೇಲೆ ಹೊರಗೆ ಕರೆದುಕೊಂಡು ಹೋದರು. ನಮ್ಮನ್ನು ಅವೇ ಎಂಡ್‌ಗೆ ಕಳಿಸಿ ಅಂತ ಬೇಡಿಕೊಂಡೆ. ಆಗುವುದಿಲ್ಲ ಅಂದರು. ಅಲ್ಲಿನ ಸೀಟುಗಳ ಲೆಕ್ಕವೇ ಬೇರೆ, ಆ ಟಿಕೆಟ್‌ಗಳನ್ನು ಕೊಡುವುದು ನಮ್ಮ ತಂಡದ ಕ್ಲಬ್. ಎದುರಾಳಿ ತಂಡದ ಬೆಂಬಲಿಗರು ಹೋಮ್ ಸ್ಟ್ಯಾಂಡ್‌ನಲ್ಲಿ ಕಂಡರೆ ಹೊರಗೆ ಹಾಕಬಹುದು ಅಂತ ಸ್ಟೇಡಿಯಂ ನಿಯಮದಲ್ಲೇ ಇರುತ್ತದೆ. ಇದು ಅವಮಾನ ಮಾಡಲು ಇರುವ ನಿಯಮ ಅಲ್ಲ. ಹೊಡೆದಾಟ ಆಗದಿರಲಿ ಅಂತ ಇಬ್ಬರನ್ನೂ ಬೇರೆ ಇಡುತ್ತಾರೆ. ಬಾಯಿ ಮುಚ್ಚಿಕೊಂಡು ಕೂತರೆ ಗೊತ್ತಾಗಲ್ಲ ಅಂತ ಕೆಲವರು ಸಲಹೆ ಕೊಡುತ್ತಾರೆ. ಗೊತ್ತಾಗುತ್ತದೆ.

ಉಳಿದ ಪಂದ್ಯ ಅವನು ಹೊರಗಿನ ಕಟ್ಟೆಯ ಮೇಲೆ ಕೂತು ಫೋನಿನಲ್ಲಿ ಸ್ಕೋರ್ ನೋಡಿದ. ಒಳಗಿನ ಕೂಗು ಹೊರಗೆ ಕೇಳುತ್ತಿತ್ತು.

ದುಡ್ಡಿನ ಕಥೆ ಅಲ್ಲಿಂದ ಶುರು. ವೆಬ್‌ಸೈಟಿನವರು ಕೊನೆಗೂ ಒಂದು ಉತ್ತರ ಕೊಟ್ಟರು. ಪಾಸ್ ಕೆಲಸ ಮಾಡಿದೆ, ನೀವು ಒಳಗೆ ಹೋಗಿದ್ದೀರಿ, ನಮ್ಮ ಕೆಲಸ ಮುಗಿಯಿತು ಅಂತ. ಬ್ರಿಟನ್ನಿನಲ್ಲಿ 2024ರ ಅಕ್ಟೋಬರ್ 7ರಿಂದ ಒಂದು ನಿಯಮ ಇದೆ. ಮೋಸ ಹೋಗಿ ನೀವೇ ಬ್ಯಾಂಕ್ ಖಾತೆಗೆ ಕಳಿಸಿದ ದುಡ್ಡನ್ನೂ ಬ್ಯಾಂಕ್‌ಗಳು ಸಾಮಾನ್ಯವಾಗಿ ಮರಳಿಸಬೇಕು. ಆದರೆ ಅದರಲ್ಲಿ 100 ಪೌಂಡ್ ತನಕ ಕಡಿತ ಮಾಡಿಕೊಳ್ಳಲು ಬ್ಯಾಂಕ್‌ಗೆ ಅವಕಾಶ ಇದೆ. ಮಾರುವವರಿಗೂ ಕೊಳ್ಳುವವರಿಗೂ ಇರುವ ಬರೀ ಜಗಳ ಅಂತ ಬ್ಯಾಂಕ್ ತೀರ್ಮಾನಿಸಿದರೆ ಈ ನಿಯಮ ಅನ್ವಯವಾಗುವುದಿಲ್ಲ. ನಮ್ಮ ವಿಷಯದಲ್ಲಿ ಬ್ಯಾಂಕ್ ಹಾಗೇ ಹೇಳಿತು. ಪಾಸ್ ಸಿಕ್ಕಿದೆಯಲ್ಲ ಅನ್ನುವುದು ಅವರ ವಾದ. ಕಾರ್ಡ್‌ನಲ್ಲಿ ಕಟ್ಟಿದ್ದರೆ ಚಾರ್ಜ್‌ಬ್ಯಾಕ್, ಅಂದರೆ ಮಾರಿದವರಿಂದ ದುಡ್ಡು ವಾಪಸ್ ತರಿಸಿಕೊಡಿ ಅಂತ ಬ್ಯಾಂಕ್‌ಗೆ ಕೇಳಬಹುದಿತ್ತು. ಕಾರ್ಡ್ ಬೇಡ ಅಂದದ್ದು ಯಾಕೆ ಅಂತ ಈಗ ಅರ್ಥವಾಗುತ್ತದೆ ಅಲ್ವಾ?

ಇಂಗ್ಲೆಂಡಿನಲ್ಲಿ ಇಂಥ ಪಂದ್ಯಗಳ ಟಿಕೆಟನ್ನು ಸಂಘಟಕರ ಒಪ್ಪಿಗೆ ಇಲ್ಲದೆ ಮಾರುವುದು 1994ರ ಒಂದು ಕಾಯ್ದೆಯ ಪ್ರಕಾರ ಅಪರಾಧ. ಅದು ಹಿಡಿಯುವುದು ಮಾರುವವರನ್ನು. ಓದಲು ಬಂದ ಮಕ್ಕಳು ‘ದೂರು ಕೊಟ್ಟರೆ ವೀಸಾಗೆ ತೊಂದರೆ ಆಗುತ್ತೇನೋ’ ಅಂತ ಹೆದರಿ ಸುಮ್ಮನಾಗುತ್ತಾರೆ. ಮಾರುವವರಿಗೆ ಬೇಕಿರುವುದೂ ಆ ಹೆದರಿಕೆಯೇ. ಸುಮ್ಮನಿರಬೇಡಿ.

ಹಾಗಾದರೆ ಹೊಸಬರು ಹೋಗುವುದು ಹೇಗೆ? ದೊಡ್ಡ ಕ್ಲಬ್‌ನ ಲೀಗ್ ಪಂದ್ಯಕ್ಕೆ ಮೊದಲ ವರ್ಷವೇ ಆಸೆ ಇಟ್ಟುಕೊಳ್ಳಬೇಡಿ, ಇದು ಕಹಿಯಾದರೂ ನಿಜ. ಎಫ್‌ಎ ಕಪ್ (ಲೀಗ್‌ಗಿಂತ ಬೇರೆಯಾದ, ಸೋತವರು ಹೊರಬೀಳುವ ಟೂರ್ನಿ) ಪಂದ್ಯಗಳನ್ನು ಗಮನಿಸಿ. ಅಲ್ಲಿ ಹೊರಗಿನ ತಂಡಕ್ಕೆ ಸ್ಟೇಡಿಯಂನ ಶೇ. 15ರ ತನಕ ಟಿಕೆಟ್ ಕೇಳುವ ಹಕ್ಕಿದೆ, ಹಾಗಾಗಿ ಹೊಸ ಮೆಂಬರ್‌ಗಳಿಗೂ ಸ್ವಲ್ಪ ಆಸೆ. ಇನ್ನೊಂದು ದಾರಿ ನನಗೆ ತುಂಬಾ ಇಷ್ಟ. ನೀವಿರುವ ಊರಿನ ಸಣ್ಣ ಕ್ಲಬ್ ಕೆಳಗಿನ ದರ್ಜೆಯ ಲೀಗ್ ಒನ್‌ನಲ್ಲೋ ಲೀಗ್ ಟೂನಲ್ಲೋ ಇದ್ದರೆ ಅದರ ಅವೇ ಪಂದ್ಯಕ್ಕೆ ಹೋಗಿ. ಹೆಚ್ಚಿನ ಸಲ ಟಿಕೆಟ್ ಸಲೀಸಾಗಿ ಸಿಗುತ್ತದೆ. ಹಾಡು, ಬಸ್ಸು, ಮಳೆಯಲ್ಲಿ ನೆನೆಯುವುದು, ಎಲ್ಲ ಅಲ್ಲೂ ಇದೆ. ನಮ್ಮ ಹುಡುಗ ಈಗ ಅದನ್ನೇ ಮಾಡುತ್ತಿದ್ದಾನೆ, ಅಲ್ಲಿನ ಹಿರಿಯರ ಜೊತೆ ಗೆಳೆತನ ಆಗಿದೆ.

ಕ್ಲಬ್ ಬಸ್ ಬಿಡುತ್ತದೆಯಾ ಅಂತ ಟಿಕೆಟ್ ಕೊಳ್ಳುವಾಗಲೇ ನೋಡಿ. ರಾತ್ರಿ 8ರ ಪಂದ್ಯ ಮುಗಿಯುವಾಗ ಹತ್ತಿರ ಹತ್ತಿರ 10 ಗಂಟೆ. ಕೆಲವು ಕಡೆ ಅವೇ ಬೆಂಬಲಿಗರನ್ನು ಗುಂಪು ಕರಗುವ ತನಕ ಒಳಗೇ ನಿಲ್ಲಿಸಿಕೊಳ್ಳುತ್ತಾರೆ. ಕೊನೆಯ ರೈಲು ನಿಮಗಾಗಿ ಕಾಯುವುದಿಲ್ಲ, ಕ್ಲಬ್‌ನ ಬಸ್ ಕಾಯುತ್ತದೆ. ಆ ಬಸ್ಸಿನಲ್ಲಿ ಮದ್ಯ ಒಯ್ಯುವುದು 1985ರಿಂದ ಕಾನೂನಿಗೆ ವಿರುದ್ಧ, ಕುಡಿದು ಸ್ಟೇಡಿಯಂ ಒಳಗೆ ಹೋಗುವುದೂ ಹಾಗೇ. ರೈಲಿನಲ್ಲೇ ಹೋಗುವವರು ಟಿವಿ ಆಯ್ಕೆ ಬಂದ ಮೇಲೆ ಟಿಕೆಟ್ ತೆಗೆಯಿರಿ. ಹಳಿ ಕೆಲಸ ಇದೆಯಾ ಅಂತಲೂ ನೋಡಿ.

ಅಪ್ಪ ಅಮ್ಮ ಊರಿಂದ ಬಂದಾಗ ಅವರನ್ನೂ ಕರೆದುಕೊಂಡು ಹೋಗುವ ಯೋಚನೆ ಇದ್ದರೆ ಇದನ್ನೂ ಕೇಳಿ. ಅವೇ ಎಂಡ್‌ನಲ್ಲಿ ಸೀಟು ಇದ್ದರೂ ಹೆಚ್ಚಿನವರು ಪೂರ್ತಿ ಪಂದ್ಯ ನಿಂತೇ ನೋಡುತ್ತಾರೆ. ಕೂತರೆ ಮುಂದಿನವರ ಬೆನ್ನು ಮಾತ್ರ ಕಾಣುತ್ತದೆ. ನ್ಯೂಕ್ಯಾಸಲ್‌ನ ಸೇಂಟ್ ಜೇಮ್ಸ್ ಪಾರ್ಕ್‌ನಲ್ಲಿ ಅವೇ ಸೀಟುಗಳು 7ನೇ ಹಂತದಲ್ಲಿವೆ, ಹತ್ತಿ ಸಾಕಾಗುತ್ತದೆ. ಮಂಡಿ ನೋವಿರುವವರಿಗೆ ಲಿಫ್ಟ್ ಬೇಕಾದರೆ ಮುಂಚೆಯೇ ಕ್ಲಬ್‌ಗೆ ತಿಳಿಸಿ. ದೊಡ್ಡ ಬ್ಯಾಗ್ ಮನೆಯಲ್ಲೇ ಬಿಡಿ. ಎ4 ಹಾಳೆಗಿಂತ ದೊಡ್ಡ ಚೀಲವನ್ನು ಎಷ್ಟೋ ಸ್ಟೇಡಿಯಂಗಳಲ್ಲಿ ಒಳಗೆ ಬಿಡುವುದಿಲ್ಲ.

ಈಗಾಗಲೇ ಇಂಥವರಿಗೆ ದುಡ್ಡು ಕಟ್ಟಿಬಿಟ್ಟಿದ್ದೀರಾ? ಪಂದ್ಯದ ದಿನದ ತನಕ ಕಾಯಬೇಡಿ. ಈಗಲೇ 159ಕ್ಕೆ ಫೋನ್ ಮಾಡಿ, ಅದು ನೇರ ನಿಮ್ಮ ಬ್ಯಾಂಕಿಗೆ ಹೋಗುತ್ತದೆ (ಹೆಚ್ಚಿನ ದೊಡ್ಡ ಬ್ಯಾಂಕ್‌ಗಳು ಇದರಲ್ಲಿವೆ). ಜಾಹೀರಾತಿನ ಪುಟ, ಚಾಟ್, ಖಾತೆ ನಂಬರ್ ಎಲ್ಲದರ ಸ್ಕ್ರೀನ್‌ಶಾಟ್ ತೆಗೆದಿಡಿ. ಅದರಲ್ಲೂ ‘ಅವೇ ವಿಭಾಗ’ ಅಂತ ಬರೆದಿರುವ ಪುಟ, ಯಾಕೆಂದರೆ ಆಮೇಲೆ ಅದನ್ನು ಅಳಿಸುತ್ತಾರೆ. ಪಾಸ್ ಬಂದಿದ್ದರೆ ಅದರ ಮೇಲಿನ ಬ್ಲಾಕ್, ಸಾಲು, ಸೀಟು ನಂಬರನ್ನು ಎರಡೂ ಕ್ಲಬ್‌ಗಳ ಟಿಕೆಟ್ ಆಫೀಸಿಗೆ ಬರೆದು ಕಳಿಸಿ. ನಾವು ಕಳಿಸಿದ ಮೇಲೆ ಆ ಸೀಸನ್ ಟಿಕೆಟ್ ತಡೆಹಿಡಿದಿದ್ದೇವೆ ಅಂತ ಆತಿಥೇಯ ಕ್ಲಬ್‌ನಿಂದ ಉತ್ತರ ಬಂತು.