ಮಂಗಳೂರಿನ ಹಳೇ ಮನೆಗಳ ವಾಕ್: ದುಡ್ಡು ಕೊಟ್ಟು ಹೋಗಬಹುದಾ?

ದಾವಣಗೆರೆ ವಿದ್ಯಾನಗರದ ನಮ್ಮ ವಾಕಿಂಗ್ ಗುಂಪು ಈ ಸಲ ಮಂಗಳೂರಿಗೆ ಹೋಗಿ, ದುಡ್ಡು ಕೊಟ್ಟು ವಾಕಿಂಗ್ ಮಾಡಿ ಬಂದಿದೆ. ನಗಬೇಡಿ. ಜೆಪ್ಪು, ಬೋಳಾರದ ಕಡೆ ಹಳೇ ಮನೆಗಳನ್ನು ತೋರಿಸುತ್ತಾ ಬೆಳಗ್ಗೆ ನಡೆಸಿಕೊಂಡು ಹೋಗುವ ಗೈಡೆಡ್ ವಾಕ್ ಅದು. ಊರಲ್ಲಿ ಹೇಗಿತ್ತು ಅಂತ ಕೇಳುವವರು ಜಾಸ್ತಿ ಆಗಿದ್ದಾರೆ, ಅದಕ್ಕೆ ಬರೆಯುತ್ತಿದ್ದೇನೆ. ಮನೆಗಳಿಗೆ ಐದಕ್ಕೆ ಐದು. ಗೈಡ್‌ಗೆ ಮೂರು, ಅದೂ ಸ್ವಲ್ಪ ಧಾರಾಳವಾಗಿ.

ಒಂದೇ ಬೀದಿಯಲ್ಲಿ ಎಷ್ಟು ಥರ ಮನೆ! ಉದ್ದ ವರಾಂಡ, ಅಂಗಳದಲ್ಲಿ ಶಿಲುಬೆ ಇರುವ ಬಂಗಲೆ. ಅದರ ಪಕ್ಕದಲ್ಲೇ ಮರದ ಕಂಬದ ಜಗಲಿ, ಮುಂದೆ ತುಳಸಿಕಟ್ಟೆ, ಒಳಗೆ ಕನ್ನಡಿ ಥರ ಹೊಳೆಯುವ ರೆಡ್ ಆಕ್ಸೈಡ್ ನೆಲ. ಆಚೆ ಒಂದು ಆರ್‌ಸಿಸಿ ಮನೆ, ಅದರ ತಾರಸಿ ಮೇಲೆ ಮತ್ತೊಂದು ತಗಡಿನ ಮಾಡು, ಅಂದರೆ ಛಾವಣಿ. ಮನೆಗೇ ಕೊಡೆ ಹಿಡಿದ ಹಾಗೆ ಕಾಣುತ್ತದೆ, ಆದರೆ ಸುಮ್ನೆ ಹಾಕಿದ್ದಲ್ಲ. ನಮ್ಮಲ್ಲಿ ವರ್ಷಕ್ಕೆ 650 ಮಿ.ಮೀ. ಆಸುಪಾಸು ಮಳೆ, ಅಲ್ಲಿ 3500 ದಾಟುತ್ತದೆ. ಚಪ್ಪಟೆ ತಾರಸಿ ಸೋರದೆ ಇರುತ್ತಾ? ನಮ್ಮ ಚಿತ್ರದುರ್ಗದ ಕಡೆಯ ಹಳೇ ಮಾಳಿಗೆ ಮನೆಯಲ್ಲಿ ಮಣ್ಣಿನ ಚಪ್ಪಟೆ ಮಾಡು ಇರುತ್ತದೆ, ಬೆಳಕಿಗೆ ಅದರಲ್ಲೇ ಒಂದು ಕಿಂಡಿ, ಗವಾಕ್ಷಿ, ಮಳೆ ಬಂದರೆ ಯಾರಾದರೂ ಹತ್ತಿ ಅದನ್ನು ಮುಚ್ಚಿ ಬರಬೇಕು. ಮಂಗಳೂರಲ್ಲಿ ಹಂಚಿನ ಸಾಲಿನ ಮಧ್ಯೆ ಒಂದು ಗಾಜಿನ ಹಂಚು ಕೂರಿಸಿಬಿಡುತ್ತಾರೆ. ಹತ್ತುವ ಗೋಜೇ ಇಲ್ಲ.

ಗೋಡೆ ಮುರಕಲ್ಲಿನದು. ತೂತು ತೂತು ಇರುವ ಕೆಂಪು ಕಲ್ಲು, ನೆಲದಿಂದ ಕೊಯ್ಯುವಾಗ ಮೆತ್ತಗೆ, ಗಾಳಿ ತಾಗುತ್ತಾ ಗಟ್ಟಿ.

ಇದೆಲ್ಲ ಗೈಡ್ ತಾನಾಗಿ ಹೇಳಲಿಲ್ಲ, ಅದೇ ನನ್ನ ತಕರಾರು. ಈ ಮನೆಯ ಮಗ ದುಬೈನಲ್ಲಿದ್ದಾನೆ, ಆ ಮನೆಯ ಆಸ್ತಿ ಕೋರ್ಟಲ್ಲಿದೆ, ಬರೀ ಇದೇ ಕಥೆ. ಮಾಡು ಯಾಕೆ ಅಷ್ಟು ಇಳಿಜಾರು ಅಂತ ನಾವೇ ಕೇಳಬೇಕಾಯಿತು. ಕೇಳಿದರೆ ಚೆನ್ನಾಗಿ ಹೇಳುತ್ತಾರೆ, ಅದು ಬೇರೆ ಮಾತು.

ಇನ್ನೊಂದು. ಬಿಚ್ಚಿ ಇಟ್ಟಿದ್ದ ಹಳೇ ಹಂಚೊಂದನ್ನು ಕೈಗೆ ಕೊಟ್ಟರು. ಒಳ್ಳೇ ಭಾರ, ಅಂಚಿನಲ್ಲಿ ಒಂದಕ್ಕೊಂದು ಸಿಕ್ಕಿಸುವ ಕಚ್ಚು, ಮಧ್ಯೆ ಬಾಸೆಲ್ ಮಿಷನ್ (ಸ್ವಿಟ್ಜರ್ಲೆಂಡಿನಿಂದ ಬಂದ ಕ್ರೈಸ್ತ ಮಿಷನರಿ ಸಂಸ್ಥೆ) ಮುದ್ರೆ ಮತ್ತು 1865. "ನೋಡಿ, ನೂರೈವತ್ತು ವರ್ಷ ದಾಟಿದ ಹಂಚು" ಅಂದರು. ಎಲ್ಲರೂ ಫೋಟೋ ತೆಗೆದಿದ್ದೇ ತೆಗೆದಿದ್ದು. ಆದರೆ 1865 ಅನ್ನೋದು ಹಂಚಿನ ಕಾರ್ಖಾನೆ ಶುರುವಾದ ವರ್ಷ. ಬಾಸೆಲ್ ಮಿಷನ್‌ನ ಪ್ಲೆಬ್ಸ್ಟ್ ಎಂಬುವರು ನೇತ್ರಾವತಿ ದಡದ ಜೇಡಿಮಣ್ಣು ನಂಬಿ ಜೆಪ್ಪುವಿನಲ್ಲಿ ಅದನ್ನು ಶುರು ಮಾಡಿದರು. ಆಮೇಲೆ ಎಷ್ಟೋ ವರ್ಷ ಅದೇ ಇಸವಿ ಒತ್ತುತ್ತಲೇ ಬಂದರು. ಹಂಚಿನ ವಯಸ್ಸು ಆ ಮುದ್ರೆಯಿಂದ ಗೊತ್ತಾಗಲ್ಲ. ದುಡ್ಡು ತಗೊಂಡು ತೋರಿಸುವವರಿಗೆ ಇಷ್ಟು ಗೊತ್ತಿರಬೇಕು ಅಲ್ವಾ?

ಹಾಗಂತ ಹೋಗಬೇಡಿ ಅನ್ನಲ್ಲ. ಒಂದಿಬ್ಬರು ಮನೆಯವರು ಗೇಟು ತೆಗೆದು ಜಗಲಿವರೆಗೆ ಕರೆದರು, ನಾವಷ್ಟೇ ಹೋಗಿದ್ದರೆ ಆ ಭಾಗ್ಯ ಇರುತ್ತಿರಲಿಲ್ಲ. ಜಗಲಿ ಮೇಲೆ ಕೂತು ತಲೆ ಎತ್ತಿದರೆ ಪಕಾಸು (ಇಳಿಜಾರಿನ ಮರದ ತೊಲೆ), ರೀಪು (ಅದಕ್ಕೆ ಅಡ್ಡ ಹೊಡೆದ ಮರದ ಪಟ್ಟಿ), ಅದರ ಮೇಲೆ ಹಂಚು, ಎಲ್ಲ ಬರಿಗಣ್ಣಿಗೆ ಕಾಣುತ್ತದೆ. ಸಂದಿಯಿಂದ ಗಾಳಿ ಆಡುವುದೂ ಮೈಗೆ ಗೊತ್ತಾಗುತ್ತದೆ. ಸೆಕೆಯ ಊರಿಗೆ ಅದು ಬೇಕೇ ಬೇಕು. ಮನೆ ಕಟ್ಟಿಸುವ ಯೋಚನೆ ಇರುವವರು ಇದಕ್ಕಾದರೂ ಹೋಗಿ ನೋಡಿ.

ಮೇ ತಿಂಗಳು ಬೇಡ, ಬೆವರಿನಲ್ಲಿ ಸ್ನಾನ ಆಗುತ್ತದೆ. ಡಿಸೆಂಬರ್, ಜನವರಿ ವಾಸಿ. ಕೊನೆಯಲ್ಲಿ ತಿಂಡಿ ಇದೆ ಅಂತ ಹೇಳುತ್ತಾರೆ, ಸಿಕ್ಕಿದ್ದು ಬಿಸ್ಕತ್ತು ಮತ್ತು ಚಹಾ. ಮೊದಲೇ ಎಲ್ಲಾದರೂ ನೀರುದೋಸೆ ತಿಂದು ಹೊರಡಿ. ಮೇಲೆ ಬೆಣ್ಣೆ ಮಾತ್ರ ಕೇಳಬೇಡಿ, ನಾವು ಕೇಳಿ ನೋಡಿದ್ದೇವೆ.