ಗುಜರಿ ಬಿಟ್ಟು ಮರ, ಕಲ್ಲಿಗೆ ಹೊರಟ ಶಿಲ್ಪಿಗೆ

ಬೈಕಿನ ಚೈನು, ಗೇರ್ ಚಕ್ರ, ಹಳೇ ರಾಡುಗಳಲ್ಲಿ ಶಿಲ್ಪ ಮಾಡಿದವರಿಗೆ ಮೊದಲು ಬದಲಾಗುವುದು ಕೈಯ ಅಭ್ಯಾಸ. ಗುಜರಿಯಲ್ಲಿ ಜೋಡಿಸುತ್ತೀರಿ, ಮರದಲ್ಲಿ ತೆಗೆಯುತ್ತೀರಿ. ತಪ್ಪಾಗಿ ಬೆಸೆದ ಗೇರನ್ನು ಗ್ರೈಂಡರ್ ಹಿಡಿದು ಕತ್ತರಿಸಿ ಮತ್ತೆ ಕೂರಿಸಬಹುದು. ಉಳಿ ಜಾರಿ ಹಾರಿದ ಮೂಗು ಹಾರಿದ್ದೇ.

ಗುಜರಿ ತೂಕದ ಲೆಕ್ಕದಲ್ಲಿ ಸಿಗುತ್ತದೆ, ಬೆಸೆದ ದಿನವೇ ಆಕೃತಿ ಎದ್ದು ನಿಲ್ಲುತ್ತದೆ. ಆದರೆ ಸತು ಲೇಪದ ಜಿಐ ಪೈಪಿನ ಹೊಗೆ ಜ್ವರ ತರಿಸುತ್ತದೆ. ಲೇಪ ಉಜ್ಜಿ ತೆಗೆಯದೆ ಬೆಸೆಯಬೇಡಿ. ವರ್ಷಕ್ಕೆ ಸರಾಸರಿ 7,000 ಮಿ.ಮೀ. ಮೀರಿ ಸುರಿಯುವ ಆಗುಂಬೆಯಂಥ ಕಡೆ ಬಣ್ಣ ಎಷ್ಟು ಹೊಡೆದರೂ ತುಕ್ಕು ಎದ್ದು ಬರುತ್ತದೆ.

ಮರದ್ದು ಕಾಯುವ ಕೆಲಸ. ಹಸಿ ಹಲಸಿನ ತುಂಡು ಕೆತ್ತಿದರೆ ಬೇಸಿಗೆಯಲ್ಲಿ ತುದಿಯಿಂದ ಸೀಳುತ್ತದೆ. ಕೊಯ್ದ ಕೂಡಲೇ ಎರಡೂ ತುದಿಗೆ ಮೇಣ ಬಳಿದು, ನೆಲಕ್ಕೆ ತಾಗದಂತೆ ನೆರಳಲ್ಲಿಡಿ; ಇಲ್ಲದಿದ್ದರೆ ಒರಲೆಗೆ ಔತಣ. ದಪ್ಪ ದಿಮ್ಮಿ ಒಣಗಲು ಒಂದು ವರ್ಷ ಸಾಲದು. ಸಾಗರ, ಸೊರಬದಲ್ಲಿ ಕೆತ್ತನೆಯೇ ಕುಲಕಸುಬಾದ ಗುಡಿಗಾರರು ಗಂಧದ ಜೊತೆ ಶಿವನೆ ಮರವನ್ನೂ ಕೆತ್ತುತ್ತಾರೆ. ಹೊಸಬರಿಗೆ ಶಿವನೆಯೇ ವಾಸಿ: ಹಗುರ, ಉಳಿಗೆ ಒಗ್ಗುತ್ತದೆ. ಗಂಧ, ಬೀಟೆಯಾದರೆ ಅರಣ್ಯ ಇಲಾಖೆಯ ಕಾಗದ ಕೈಯಲ್ಲಿರಲಿ. ಕಾಡಲ್ಲಿ ಬಿದ್ದ ಮರವೂ ಬಿಟ್ಟಿಯಲ್ಲ.

ಕಲ್ಲಿನಲ್ಲಿ ಬಳಪದ ಕಲ್ಲು ಮೃದು. ಜಂಬಿಟ್ಟಿಗೆ ತೂತು ತೂತು, ದಪ್ಪ ಆಕಾರಕ್ಕೆ ಸರಿ, ಕಣ್ಣು-ಮೂಗಿಗೆ ಆಗದು.

ಅಂಗಳಕ್ಕೆ ಕಲ್ಲು, ಒಳಮನೆಗೆ ಮರ. ತಿಂಗಳ ಆರ್ಡರ್ ನಂಬಿ ಬಾಡಿಗೆ ಶೆಡ್ಡಿನಲ್ಲಿ ಬದುಕುವವರು ವೆಲ್ಡಿಂಗ್ ಸೆಟ್ ಮಾರುವುದು ಬೇಡ. ಒಂದು ದಿಮ್ಮಿಯನ್ನು ಈಗಲೇ ಒಣಗಲು ಹಾಕಿ.